ಪಾವ್‌ನವ ಮತ್ತೆ ಬರಲಿಲ್ಲ

ಡೊಂಬಿವಲಿ, ಭಾನುವಾರ

ಪುಟ್ಟಾ,

ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡೇ ಕುಕ್ಕರ್ ಇಟ್ಟೆ. ಎಷ್ಟು ಸೀಟಿ ಆಯಿತೋ ಗೊತ್ತಾಗಲಿಲ್ಲ, ಬೇಳೆ ತಳ ಹಿಡಿಯಿತು. ಕೊನೆಯಲ್ಲಿ ಬರೆದಿದ್ದೀಯಲ್ಲ, 'ನಾನು ಓಟರ್ ಲಿಸ್ಟಲ್ಲಿ ಹೆಸರು ಸೇರಿಸಲ್ಲ ದೊಡ್ಡಮ್ಮ, ವಿಡಿಯೋದಲ್ಲಿ ನೋಡಿದೆ, ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ, ಎಲ್ಲರೂ ಕಳ್ಳರೇ' ಅಂತ. ಕೋಪದಲ್ಲಿ ಬರೆದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನೀನು ನಗುತ್ತಾ ಬರೆದ ಹಾಗಿದೆ.

2004ರ ಲೋಕಸಭೆ ಚುನಾವಣೆಗೆ ನಮ್ಮ ಶಾಲೆಯಿಂದ ನನ್ನನ್ನು ಬೂತ್ ಡ್ಯೂಟಿಗೆ ಹಾಕಿದ್ದರು. ಎಲ್ಲ ಕ್ಷೇತ್ರಗಳಿಗೂ ಓಟಿನ ಮೆಷಿನ್ ಬಂದ ಮೊದಲ ಲೋಕಸಭೆ ಚುನಾವಣೆ ಅದು. ಬೆಳಿಗ್ಗೆ ಪಕ್ಷಗಳ ಏಜೆಂಟರ ಎದುರಿಗೆ ಮಾಕ್ ಪೋಲ್, ಅಂದರೆ ಪರೀಕ್ಷೆಗೆಂದು ಸುಳ್ಳು ಓಟು, ಮಾಡಿ, ಎಣಿಸಿ, ಅಳಿಸಿ ತೋರಿಸಬೇಕು. ಈಗಂತೂ ಕನಿಷ್ಠ 50 ಓಟು ಒತ್ತಬೇಕು, ಮತ ಹಾಕಿದವರಿಗೆ ಓಟು ಯಾರಿಗೆ ಬಿತ್ತು ಎಂಬ ಚೀಟಿ ಬೇರೆ ಗಾಜಿನೊಳಗೆ 7 ಸೆಕೆಂಡು ಕಾಣುತ್ತದೆ. ಸಂಜೆ ಎಷ್ಟು ಓಟು ಬಿತ್ತು ಎಂಬ ಲೆಕ್ಕ, ಫಾರಂ 17ಸಿ, ಅದರ ಪ್ರತಿ ಏಜೆಂಟರಿಗೆ ಕೊಡಬೇಕು. ಕೊಡೋಣವೆಂದರೆ ಬೆಂಚು ಅರ್ಧ ಖಾಲಿ! ಊಟಕ್ಕೆ ಹೋದವರು ವಾಪಸ್ಸು ಬಂದಿರಲೇ ಇಲ್ಲ. ಮೆಷಿನ್ನಿಗಿಂತ ಆ ಬೆಂಚು ನೋಡಿ ನನಗೆ ಭಯವಾಗಿತ್ತು. ನಿನ್ನ ಕಾಗದ ಓದಿದಾಗ ಅದೇ ಭಯ ಮತ್ತೆ ಬಂತು.

ಅನುಮಾನ ಬೇಡ ಅನ್ನುವುದಿಲ್ಲ. ಅನುಮಾನ ಬಂದವನು ಹೋಗಿ ಲೆಕ್ಕ ಕೇಳಬೇಕು, ಅಲ್ವಾ? ನೀನು ಮುಂದಿನ ವಿಡಿಯೋ ನೋಡುತ್ತೀಯ.

ನಾನೇನೂ ಕಡಿಮೆ ಇಲ್ಲ. ಮಂಡಿ ನೋವಿಗೆಂದು ಯೂಟ್ಯೂಬಿನಲ್ಲಿ ಮೆಂತ್ಯದ ಔಷಧಿ ನೋಡಿದೆ. ಮರುದಿನ ಅಂಥವೇ ನಾಲ್ಕು ಬಂದವು. ವಾರದೊಳಗೆ 'ಡಾಕ್ಟರುಗಳು ಮುಚ್ಚಿಟ್ಟ ಸತ್ಯ' ಅಂತ ಒಂದು. ಅದನ್ನೂ ಪೂರ್ತಿ ನೋಡಿದೆ! ನಾವು ಎಷ್ಟು ಹೊತ್ತು ಕಣ್ಣು ಕೀಳದೆ ಕೂತಿದ್ದೇವೆ ಅನ್ನುವುದೇ ಯೂಟ್ಯೂಬಿನವರಿಗೆ ಲಾಭ. ಸಿಟ್ಟು, ಹೆದರಿಕೆ ಬಂದರೆ ಜಾಸ್ತಿ ಹೊತ್ತು ಕೂರುತ್ತೇವೆ. ಯಾರನ್ನೂ ನಂಬಲ್ಲ ಅನ್ನುವ ನೀನು, ಮುಖವೇ ಕಾಣದ ಆ ದನಿಯನ್ನು ಹೇಗೆ ನಂಬಿದೆಯೋ?

ಆದರೆ ಬರೀ ಫೋನನ್ನೇ ಬೈಯುವ ಹಾಗಿಲ್ಲ. 1993ರ ಜನವರಿ, ಮುಂಬೈಯಲ್ಲಿ ಗಲಭೆ. ಆಗ ನಾವು ಘಾಟ್ಕೋಪರಿನ ಚಾಳಿನಲ್ಲಿದ್ದೆವು. ನಲ್ಲಿಯ ಹತ್ತಿರ ಯಾರೋ ಅಂದರು, ಪಾವ್‌ಗೆ ವಿಷ ಬೆರೆಸುತ್ತಿದ್ದಾರಂತೆ. ಟೀಚರ್ ಆದವಳು ವಿಚಾರಿಸಬೇಕಿತ್ತು. ಬಿಂದಿಗೆ ಕೂಡ ಕೆಳಗಿಡದೆ ನಾಲ್ಕು ಮನೆಗೆ ಹೇಳಿ ಬಂದೆ. ಟೀಚರ್ ಹೇಳಿದ್ದು ಅಂತ ಅವರು ಇನ್ನಷ್ಟು ಮನೆಗೆ ಹೇಳಿದರು. ಗಲಾಟೆ ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ಪಾವ್‌ನವ ಬಂದು ಸೈಕಲ್ ಬೆಲ್ ಹೊಡೆದ. ಯಾರೂ ಬಾಗಿಲು ತೆಗೆಯಲಿಲ್ಲ. ಇನ್ನೂ ಎರಡು ಸಲ ಹೊಡೆದ. ನಾನು ಒಳಗೆ ನಿಂತು ಕೇಳಿಸಿಕೊಂಡೆ. ಮತ್ತೆ ಅವನು ಬರಲಿಲ್ಲ. ಏಳು ವರ್ಷ ಅವನ ಹತ್ತಿರ ಪಾವ್ ತೆಗೆದುಕೊಂಡಿದ್ದೆ, ಹೆಸರು ಕೇಳಿರಲಿಲ್ಲ. ಇದನ್ನು ನಿನ್ನ ದೊಡ್ಡಪ್ಪನಿಗೂ ಹೇಳಿಲ್ಲ.

'ಎಲ್ಲರೂ ಕಳ್ಳರೇ' ಅನ್ನುವಾಗ ಆ ಬೆಲ್ ಕೇಳಿಸುತ್ತದೆ ನನಗೆ. ನಿನಗೆ ಇದು ಅತಿ ಅನ್ನಿಸಬಹುದು.

ಏನು ಮಾಡು ಅಂತ ಹೇಳಲಿ? ರಾತ್ರಿ ಫೋನ್ ದೂರ ಇಡು ಅನ್ನಬಹುದು, ನಾನೇ ಇಡುವುದಿಲ್ಲ. ವಾಟ್ಸಾಪಿನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಎಷ್ಟೋ ಕೈ ದಾಟಿ ಬಂದದ್ದು, ಒಂದು ದಿನ ಸುಮ್ನೆ ಬಿಟ್ಟು ನೋಡು. ಓಟರ್ ಲಿಸ್ಟಿಗೆ ಹೆಸರು ಸೇರಿಸುವ ಫಾರಂ 6 ತುಂಬು. ಹೆಸರು ಬಂದ ಮೇಲೆ ಯಾವ ಪಕ್ಷದವರನ್ನಾದರೂ ಕೇಳು, ಒಂದು ದಿನ ಏಜೆಂಟಾಗಿ ಕೂರುತ್ತೇನೆ ಅಂತ. ಡಬ್ಬಿ ಕಟ್ಟಿಕೊಂಡು ಹೋಗು. ಊಟಕ್ಕೆಂದು ಎದ್ದು ಹೋಗಬೇಡ.

ನಿನ್ನ
ದೊಡ್ಡಮ್ಮ