ಭಾನುವಾರ ಸೂಳೆಕೆರೆ ದಂಡೆಗೆ ಮಕ್ಕಳನ್ನೂ ಕರೆತನ್ನಿ

ಆತ್ಮೀಯ ಸದಸ್ಯರೇ,

ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ದಂಡೆಯಲ್ಲಿ ಫ್ಲೈ ಫಿಶಿಂಗ್‌ಗೆ (ಕೃತಕ ಹುಳು ಕಟ್ಟಿದ ಗಾಳದಿಂದ ಮೀನು ಹಿಡಿಯುವುದಕ್ಕೆ) ಸೇರುವಾಗ, ಪ್ರತಿಯೊಬ್ಬ ಹಿರಿಯ ಸದಸ್ಯರೂ ಮನೆಯ ಒಂದು ಮಗುವನ್ನಾದರೂ ಕರೆತರಬೇಕೆಂದು ಕೋರುತ್ತೇನೆ. ಇದರಲ್ಲಿ ಗರಿ, ನೂಲಿನಿಂದ ಕಟ್ಟಿದ ಆ ಹುಳುವಿಗೆ ತೂಕ ಇಲ್ಲವೆಂಬಷ್ಟು ಕಡಿಮೆ. ಅದನ್ನು ದೂರಕ್ಕೆ ಒಯ್ಯುವುದು ದಪ್ಪ ದಾರದ ಭಾರ. ಆದ್ದರಿಂದ ಹಿಂದಕ್ಕೆ ಬೀಸಿದ ದಾರ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕೈ ತಡೆದು, ಆಮೇಲಷ್ಟೇ ಮುಂದಕ್ಕೆ ಬೀಸುವ ಆ ತಾಳ್ಮೆಯನ್ನು ವಿಡಿಯೊಗಿಂತ ಪಕ್ಕದಲ್ಲಿ ನಿಂತ ಹಿರಿಯರ ಕೈ ನೋಡಿ ಕಲಿಯುವುದೇ ಸರಿ. ಮೊದಲ ಒಂದು ಗಂಟೆ ಮಕ್ಕಳು ಗಾಳವಿಲ್ಲದ ದಾರವನ್ನು ಹುಲ್ಲಿನ ಮೇಲೆ ಬೀಸಲಿ.

ಕೊಕ್ಕೆಮುಳ್ಳಿಲ್ಲದ, ಅಂದರೆ ತುದಿಯ ಬಳಿ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ, ಗಾಳವನ್ನೇ ತನ್ನಿ. ನೀರಿಗೆ ಮರಳಿ ಬಿಡುವ ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗೈ ತಗುಲಿದರೆ ಅದರ ಮೈಮೇಲಿನ ಲೋಳೆ ಕಿತ್ತುಬಂದು ಸೋಂಕಾಗಬಹುದು. ಕಾಟ್ಲಾ, ರೋಹು ಮೀನುಗಳು ಮೊಟ್ಟೆಯಿಡುವ ಮಳೆಗಾಲದಲ್ಲಿ ನಮ್ಮ ಗುಂಪು ಗಾಳ ಹಾಕುವುದಿಲ್ಲ ಎಂಬುದನ್ನು ಮಕ್ಕಳಿಗೆ ಕಾರಣಸಹಿತ ತಿಳಿಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದೇ. ಕೆರೆಯ ಮೀನುಗಾರಿಕೆ ಹಕ್ಕುದಾರರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಲಾಗುವುದು, ಅವರ ಬಲೆಗಳ ಹತ್ತಿರ ಯಾರೂ ದಾರ ಬೀಸಬಾರದು.

ಟೋಪಿ, ಕನ್ನಡಕ ಕಡ್ಡಾಯ. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ಹೆಸರು ತಿಳಿಸಿ.