ಸುಣ್ಣದ ಡಬ್ಬಿ ಕಸಿದುಕೊಂಡ ವೈನಿಗೆ

ಎಲ್ಲರಿಗೂ ನಮಸ್ಕಾರ. ನನ್ನ ಗಂಟು ತೆಗೆದ ಜಾಗದ ಹೊಲಿಗೆ ನಿನ್ನೆ ಬಿಚ್ಚಿದರು. ಎಡಗೆನ್ನೆಯ ಮೇಲೆ ಸಣ್ಣದೊಂದು ಕೆಂಪು ಗೆರೆ ಬಿಟ್ಟರೆ ಈಗ ಏನೂ ಇಲ್ಲ. ಎಂಟು ತಿಂಗಳಿಂದ ವಿಚಾರಿಸಿದವರು ಬಹಳ ಮಂದಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಗಂಟು ಸಜ್ಜೆ ಕಾಳಿನಷ್ಟಿತ್ತು. ದೀಪಾವಳಿ ಹೊತ್ತಿಗೆ ತೊಗರಿ ಕಾಳಿನಷ್ಟಾಯಿತು. ಅರಿಶಿನಕ್ಕೆ ಚೂರು ಕುಂಕುಮ ಕಲಸಿದಂಥ ಬಣ್ಣ. ನೋವಿಲ್ಲ, ತುರಿಕೆಯಿಲ್ಲ. ಆದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರು ಮಾತಾಡಿಸಿದರೂ ಅವರ ಕಣ್ಣು ಗಂಟಿನ ಮೇಲೇ. ಕ್ಯಾನ್ಸರ್ ಇರಬೇಕು ಅಂದರು ಕೆಲವರು. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚು, ಉದುರುತ್ತದೆ ಅಂದರು ಇನ್ನು ಕೆಲವರು. ಒಂದು ರಾತ್ರಿ ಸುಣ್ಣದ ಡಬ್ಬಿ ಹಿಡಿದು ಕನ್ನಡಿ ಮುಂದೆ ನಿಂತೇಬಿಟ್ಟಿದ್ದೆ.

"ಮಾರಿ ಸುಟ್ಟುಕೋತಿಯೇನ ತಂಗಿ? ಇಡು ಕೆಳಗ!" ಅಂತ ಕಸಿದುಕೊಂಡವರು ನಮ್ಮ ವೈನಿ, ಅಂದರೆ ಅತ್ತಿಗೆ. ಮರುದಿನ ತಮ್ಮ ಮಗ್ಗ ನಿಲ್ಲಿಸಿ ನನ್ನ ಜೊತೆ ಬಾಗಲಕೋಟೆ ಬಸ್ಸು ಹತ್ತಿದರು.

ಚರ್ಮದ ಡಾಕ್ಟರ್ ಮೇಡಂ ದೀಪವಿರುವ ಸಣ್ಣ ಲೆನ್ಸ್ ಇಟ್ಟು ನೋಡಿದರು. ನಮಗೂ ಫೋಟೊ ತೋರಿಸಿದರು. ನಡುವೆ ಹಳದಿ, ಕೇಸರಿ. ಸುತ್ತ ಕೆಂಪು ಅಂಚು. ಮುಳುಗುವ ಸೂರ್ಯನ ಹಾಗಿದೆ, ಅದೇ ಇದರ ಗುರುತು ಅಂದರು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಬಂದ ಹೆಸರು ಜುವೆನೈಲ್ ಜ್ಯಾಂಥೊಗ್ರಾನುಲೋಮಾ. ಎಳೆ ಕೂಸುಗಳಿಗೇ ಜಾಸ್ತಿ ಬರುವಂಥದ್ದು. ನನಗೆ 36!

ಮೇಡಂ ಅವಸರ ಮಾಡಲಿಲ್ಲ. ಇದು ಕ್ಯಾನ್ಸರ್ ಅಲ್ಲ, ಅಂಟುವುದಿಲ್ಲ, ಹಳದಿ ಇದ್ದರೂ ರಕ್ತದ ಕೊಲೆಸ್ಟ್ರಾಲ್‌ನಿಂದ ಬಂದದ್ದಲ್ಲ ಎಂದು ಬಿಡಿಸಿ ಹೇಳಿದರು. ಮಕ್ಕಳಲ್ಲಿ ಕೆಲ ವರ್ಷಗಳಲ್ಲಿ ತಾನೇ ಕರಗುತ್ತದಂತೆ, ದೊಡ್ಡವರಲ್ಲಿ ಹಾಗೆ ಹೋಗುವುದು ಕಡಿಮೆ. ಅಪರೂಪಕ್ಕೆ ದೊಡ್ಡವರಲ್ಲಿ ರಕ್ತದ ಕಾಯಿಲೆಯೂ ಜೊತೆಗಿರುವುದುಂಟು ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಗಂಟು ತೆಗೆದರು. ಮೇಡಂ, ನಿಮಗೆ ಕೈಮುಗಿಯುತ್ತೇನೆ.

ಲ್ಯಾಬಿನಲ್ಲಿ ಆ ಚೂರನ್ನು ನೋಡಿದ ಡಾಕ್ಟರ ಮುಖ ನಾನು ಕಂಡಿಲ್ಲ. ಇಂಥ ಗಂಟಿನಲ್ಲಿ ಟೂಟನ್ ಕಣ ಅಂತ ದೊಡ್ಡ ಜೀವಕೋಶಗಳು ಇರುತ್ತವಂತೆ, ಒಳಗೆ ನ್ಯೂಕ್ಲಿಯಸ್‌ಗಳು ಹೂಮಾಲೆ ಥರ ಸುತ್ತಿಕೊಂಡಿರುತ್ತವಂತೆ. ನನ್ನ ಚೂರಿನಲ್ಲಿ ಅವನ್ನು ಗುರುತಿಸಿದವರು ಆ ಡಾಕ್ಟರು. ಸೆರಗಿನ ಎಳೆಗೂ ಮೈಸೀರೆಯ ಎಳೆಗೂ ಕೊಂಡಿ ಹಾಕುವುದು ನನ್ನ ಕೆಲಸ. ಒಂದೊಂದೇ ಎಳೆ ನೋಡುವ ಕಣ್ಣಿಗೆ ಎಷ್ಟು ದಣಿವು ಅಂತ ನನಗೆ ಗೊತ್ತು. ಅವರಿಗೂ ನನ್ನ ನಮಸ್ಕಾರ.

ವೈನಿ, ನನ್ನಿಂದ ನಿಮ್ಮ ಮಗ್ಗ ಎಷ್ಟೋ ದಿನ ನಿಂತಿತು. ಸೋಮವಾರದಿಂದ ನಿಮ್ಮ ಸೀರೆಗೂ ಕೊಂಡಿ ಹಾಕಲು ನಾನೇ ಬರುತ್ತೇನೆ.