ಆ ಹೈಡ್ರೋಜನ್ ಎಲ್ಲಿಂದ ಬಂತು ಅಂತಲೂ ಬರೆಯಿರಿ

ಸಂಪಾದಕರೇ,

ಹೈಡ್ರೋಜನ್ ರೇಸ್ ಕಾರಿನ ಸುದ್ದಿ ಬಂದಾಗಲೆಲ್ಲ 'ಹೊಗೆಯಿಲ್ಲ, ಹೊರಬರುವುದು ಬರೀ ನೀರು' ಅನ್ನುವ ಸಾಲು ಇದ್ದೇ ಇರುತ್ತದೆ. ಅದು ಅರ್ಧ ಮಾತ್ರ ನಿಜ. ನಾನು ಈ ಕಾರುಗಳ ವಿರೋಧಿ ಅಲ್ಲ, 24 ಗಂಟೆಯ ರೇಸುಗಳನ್ನು ನಿದ್ದೆಗೆಟ್ಟು ನೋಡುವವನು. ಅದಕ್ಕೇ ಈ ಪತ್ರ.

ಫ್ಯೂಯಲ್ ಸೆಲ್ ಇರುವ ಕಾರಿನಲ್ಲಿ ಹೈಡ್ರೋಜನ್ ಉರಿಯುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟ್ ಕೊಡುತ್ತದೆ. ಅಲ್ಲಿ ಬರುವುದು ನೀರೇ. ಆದರೆ 2021ರಲ್ಲಿ ಜಪಾನಿನ ಫ್ಯೂಜಿ 24 ಗಂಟೆ ರೇಸಿಗೆ ಟೊಯೋಟಾ ಇಳಿಸಿದ ಕೊರೊಲ್ಲಾದಲ್ಲಿದ್ದದ್ದು ಮೂರು ಸಿಲಿಂಡರಿನ 1.6 ಲೀಟರ್ ಟರ್ಬೊ ಎಂಜಿನ್, ಪೆಟ್ರೋಲ್ ಬದಲು ಹೈಡ್ರೋಜನ್ ಸುಡುವಂತೆ ಮಾಡಿದ್ದು. ಅಷ್ಟು ಬಿಸಿಯಲ್ಲಿ ಗಾಳಿಯ ನೈಟ್ರೋಜನ್ ಕೂಡ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇಂಗಾಲ ತೀರಾ ಕಮ್ಮಿ, ಒಪ್ಪಿದೆ. ಆದರೂ ಬರೀ ನೀರಲ್ಲ.

ನಿಜವಾದ ಕಷ್ಟ ಇರುವುದು ಟ್ಯಾಂಕಿನಲ್ಲಿ. ಒಂದು ಕೆಜಿ ಹೈಡ್ರೋಜನ್‌ನಲ್ಲಿ ಒಂದು ಕೆಜಿ ಪೆಟ್ರೋಲಿನ ಹೆಚ್ಚುಕಮ್ಮಿ ಮೂರು ಪಟ್ಟು ಶಕ್ತಿ ಇದೆ, ಆದರೆ ಅದು ಎಷ್ಟು ಹಗುರ ಅಂದರೆ 700 ಬಾರ್ ಒತ್ತಡ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು) ಹಾಕಿ ತುರುಕಿದರೂ ಒಂದು ಲೀಟರ್ ಜಾಗದಲ್ಲಿ ಸುಮಾರು 40 ಗ್ರಾಂ ಹಿಡಿಯುತ್ತದೆ, ಅಷ್ಟೇ. ಕೊರೊಲ್ಲಾದ ಹಿಂದಿನ ಸೀಟಿನ ಜಾಗವನ್ನೆಲ್ಲ ಟ್ಯಾಂಕುಗಳೇ ನುಂಗಿದವು, ಆದರೂ ಹೈಡ್ರೋಜನ್ ತುಂಬಿಸಿಕೊಳ್ಳಲು ಮತ್ತೆ ಮತ್ತೆ ಓಟ ನಿಲ್ಲಿಸಿ ಬರಬೇಕಾಯಿತು. 2023ರಲ್ಲಿ ಅದೇ ರೇಸಿಗೆ ದ್ರವ ಹೈಡ್ರೋಜನ್ ತಂದರು. ಅದು ಇರುವುದು ಮೈನಸ್ 253 ಡಿಗ್ರಿಯಲ್ಲಿ. ಆ ಚಳಿಗೆ ಯಾವ ಎಣ್ಣೆಯೂ ಕಲ್ಲಾಗುತ್ತದೆ, ಆ ದ್ರವಕ್ಕೋ ಪೆಟ್ರೋಲಿನ ಜಿಡ್ಡು ಕೂಡ ಇಲ್ಲ, ಹಾಗಾಗಿ ಟ್ಯಾಂಕಿನ ಪಂಪು ಒಣಗಿದ ಹಾಗೇ ಉಜ್ಜಿಕೊಂಡು ಸವೆಯುತ್ತದೆ. ರೇಸಿನ ನಡುವೆಯೇ ಅದನ್ನು ಬಿಚ್ಚಿ ಬೇರೆ ಕೂರಿಸಿದರು! ಅದೇ ವರ್ಷ ಮಾರ್ಚ್‌ನಲ್ಲಿ ಟೆಸ್ಟ್ ಓಟದಲ್ಲಿ ಪೈಪಿನ ಜಾಯಿಂಟ್ ಸಡಿಲವಾಗಿ, ಅನಿಲ ಸೋರಿ ಬೆಂಕಿ ಹತ್ತಿತ್ತು. ಸೆನ್ಸರ್ ಸೋರಿಕೆ ಹಿಡಿಯಿತು, ಹೈಡ್ರೋಜನ್ ತಕ್ಷಣ ಬಂದ್ ಆಯಿತು, ಡ್ರೈವರ್‌ಗೆ ಏನೂ ಆಗಲಿಲ್ಲ. ಇಂಥದ್ದನ್ನೆಲ್ಲ ಕಲಿಯುವುದಕ್ಕೆ ರೇಸ್ ಟ್ರ್ಯಾಕಿಗಿಂತ ಒಳ್ಳೆ ಜಾಗ ಯಾವುದಿದೆ ಹೇಳಿ.

ಸುದ್ದಿಗಳಲ್ಲಿ ಬಿಟ್ಟೇ ಹೋಗುವ ಇನ್ನೊಂದು ಮಾತಿದೆ. ಇವತ್ತು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್‌ನಲ್ಲಿ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರುವುದು. ಕಾರಿನ ಹಿಂದೆ ಹೊಗೆ ಇಲ್ಲದಿದ್ದರೇನು, ಕಾರ್ಖಾನೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿಯೇ ಇರುತ್ತದೆ ಅಲ್ವಾ? 2021ರ ಕೊರೊಲ್ಲಾಗೆ ತುಂಬಿದ್ದು ಫುಕುಶಿಮಾದ ನಾಮಿಯೆಯಲ್ಲಿ ಸೋಲಾರ್ ಕರೆಂಟಿನಿಂದ ನೀರನ್ನು ಒಡೆದು ಮಾಡಿದ ಹೈಡ್ರೋಜನ್, ಮತ್ತು ಅದನ್ನು ಅವರೇ ಮುಂದಾಗಿ ಹೇಳಿಕೊಂಡರು. ಎಲ್ಲರೂ ಹಾಗೆ ಹೇಳಬೇಕು. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನ ಸಂಘಟಕರು 2024ಕ್ಕೆ ಹೈಡ್ರೋಜನ್ ಕಾರುಗಳ ಪ್ರತ್ಯೇಕ ವಿಭಾಗ ಶುರು ಮಾಡುತ್ತೇವೆ ಅಂದಿದ್ದರು, ಅದು ಮುಂದಕ್ಕೆ ಹೋಗುತ್ತಲೇ ಇದೆ. ತಡವಾದರೆ ಆಗಲಿ, ಹಸಿರು ಹೈಡ್ರೋಜನ್, ಅಂದರೆ ಸೋಲಾರ್, ಗಾಳಿಯಂಥ ಕರೆಂಟಿನಿಂದ ನೀರು ಒಡೆದು ಮಾಡಿದ್ದು, ಮಾತ್ರ ತುಂಬಬೇಕು ಅನ್ನುವ ನಿಯಮವನ್ನು ಈಗಲೇ ಬರೆದಿಡಲಿ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಇಂಥ ಕಾರಿನ ಫೋಟೊ ಹಾಕಿದಾಗ ಅದರಲ್ಲಿರುವುದು ಎಂಜಿನ್ನೋ ಫ್ಯೂಯಲ್ ಸೆಲ್ಲೋ, ಹೈಡ್ರೋಜನ್ ಮಾಡಿದ್ದು ಎಲ್ಲಿ, ಯಾವುದರಿಂದ ಅನ್ನುವುದನ್ನೂ ಎರಡು ಸಾಲಿನಲ್ಲಿ ಸೇರಿಸಿ.

ಇತಿ,
ನಿಮ್ಮ ಓದುಗ